ಹೆಣ್ಣು ತೋರಿಸಲು ಕೆಫೆ ಹುಡುಕಿದ ಬೇಸಿಗೆ

ಯುಗಾದಿ ಮುಗಿದ ಮುಂದಿನ ಭಾನುವಾರ, ದೇವದುರ್ಗದ ನಮ್ಮ ಅಕ್ಕನ ಮನೆಯ ಪಡಸಾಲೆಯಲ್ಲಿ ನಾವು ಮೂವರು ಕೂತಿದ್ದೆವು. ಅಕ್ಕ ಬಸಮ್ಮ, ಅವಳ ಮಗಳು ರೇಣುಕಾ, ಸೋದರಮಾವನಾದ ನಾನು. ನಡುವೆ ಒಂದು ದೊಡ್ಡ ಬೋಗುಣಿಯ ತುಂಬ ಉಪ್ಪಿಟ್ಟು. ಹೆಣ್ಣು ನೋಡಲು ಲಿಂಗಸುಗೂರಿನ ಕಡೆಯಿಂದ ಬಂದವರು ಆಗಷ್ಟೇ ಎದ್ದು ಹೋಗಿದ್ದರು. ಒಂದು ಜೀಪಿನ ತುಂಬ ಬರುತ್ತೇವೆಂದು ಹೇಳಿ ಐದೇ ಜನ ಬಂದಿದ್ದರು. ಉಳಿದವರ ಪಾಲಿನ ಉಪ್ಪಿಟ್ಟು ನಮ್ಮ ಪಾಲಿಗೆ ಬಂದಿತ್ತು.

ರೇಣುಕಾ ತಾಲ್ಲೂಕು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಜನರ ರಕ್ತ ತೆಗೆದು ಪರೀಕ್ಷೆ ಮಾಡುವ ಕೆಲಸ. ಬಂದವರು ಅವಳ ಹೆಸರು ಕೇಳಿದರು, ನಡಿಗೆ ನೋಡಿದರು, ಒಂದು ಸಲ ನಗಿಸಿಯೂ ನೋಡಿದರು. ನೌಕರಿಯ ಮಾತನ್ನು ಮಾತ್ರ ಅವಳನ್ನು ಬಿಟ್ಟು ಅವಳ ತಾಯಿಯನ್ನು ಕೇಳಿದರು. “ಮದಿವ್ಯಾದಮ್ಯಾಲೆ ಬಿಡಸ್ತೀರಲ್ರೀ?” ಅಕ್ಕ ಸೆರಗು ಸರಿಮಾಡಿಕೊಂಡು, “ನೀವು ಹೆಂಗಂತೀರಿ ಹಂಗ್ರೀ” ಅಂದುಬಿಟ್ಟಳು.

ಜೀಪು ಓಣಿ ದಾಟಿತು. ರೇಣುಕಾ ತಾಟನ್ನು ನೆಲಕ್ಕಿಟ್ಟಳು.

“ಯವ್ವಾ, ಇದು ನಾಕನೇ ಸಲ. ನಾಕೂ ಸಲ ನನ್ನ ನೌಕರಿ ಬಿಡಿಸಿದಾಕಿ ನೀನ. ಇನ್ನ ನಾ ಮನ್ಯಾಗ ತಲಿ ಬಗ್ಗಿಸಿ ಕುಂದ್ರಂಗಿಲ್ಲ. ಹುಡುಗನ ಜೊತಿ ನಾನ ಮಾತಾಡ್ತೀನಿ. ನೌಕರಿ ಬಿಡು ಅನ್ನೋನು ನನ್ನ ಮಾರಿ ನೋಡಿ ಅನ್ಲಿ.”

“ಎಲ್ಲಿ ಮಾತಾಡ್ತೀ? ನಡುಬಜಾರದಾಗ?”

“ರಾಯಚೂರಾಗ. ಮಾವನ ಮನಿ ಹತ್ರ ಕೆಫೆ ಅದಾವಲ್ಲ, ಅಲ್ಲಿ.”

ಅಕ್ಕ ನನ್ನ ಕಡೆ ತಿರುಗಿ ನೋಡಿದ ನೋಟ, ಆ ಕೆಫೆಗಳಿಗೆಲ್ಲ ನಾನೇ ಅಡಿಗಲ್ಲು ಹಾಕಿ ಬಂದಿದ್ದೇನೆ ಎಂಬಂತಿತ್ತು. “ನೀ ಅಲ್ಲೇ ಇದ್ದಿಯಲ್ಲೋ ತಮ್ಮಾ! ಓಣ್ಯಾಗ ಇಂಥಾವು ಹುಟ್ಟಾಕತ್ತಿದ್ರ ಏನ್ ಮಾಡಾಕತ್ತಿದ್ದಿ?”

ಸಂಜೆಯ ತನಕ ತಾಯಿ ಮಗಳು ಜಗ್ಗಾಡಿ ಕೊನೆಗೊಂದು ಒಪ್ಪಂದಕ್ಕೆ ಬಂದರು. ಹುಡುಗ ಹುಡುಗಿ ಮಾತಾಡುವಾಗ ಹಿರಿಯರ ಕಣ್ಣಿಗೆ ಕಾಣಬೇಕು: ಇದು ಅಕ್ಕನ ಕರಾರು. ಹಿರಿಯರ ಕಿವಿಗೆ ಕೇಳಿಸಬಾರದು: ಇದು ರೇಣುಕಾಳ ಕರಾರು. ಈ ಎರಡೂ ಒದಗುವ ಕೆಫೆಯನ್ನು ಹುಡುಕಿಕೊಡುವುದು ಸೋದರಮಾವನ ಪಾಲಿಗೆ ಬಂತು. ಸೋದರಮಾವನ ಮೇಲೆ ಶಾಸ್ತ್ರದವರು ಏನೇನೋ ಭಾರ ಹೊರಿಸಿದ್ದಾರೆ, ಇದೊಂದನ್ನು ಬಿಟ್ಟಿದ್ದರು. ಅದನ್ನು ನನ್ನ ಅಕ್ಕನೇ ತುಂಬಿಕೊಟ್ಟಳು.

ಇದೆಲ್ಲ ಮೊನ್ನೆ ನೆನಪಾಗಲು ಕಾರಣ ವಾಸನೆ. ರಾಯಚೂರು ಸ್ಟೇಷನ್ನಿನ ಹಿಂದಿನ ನಮ್ಮ ರಸ್ತೆಯಲ್ಲಿ ತರಕಾರಿ ಚೀಲ ಹಿಡಿದು ಬರುತ್ತಿದ್ದೆ. ಯಾರೋ ಕಾಫಿ ಬೀಜ ಹುರಿಯುತ್ತಿದ್ದರು, ಸ್ವಲ್ಪ ಸೀದಿತ್ತು. ಆ ಹೊಗೆ ಮೂಗಿಗೆ ಬಡಿದದ್ದೇ ತಡ, ಹೋದ ವರ್ಷದ ಬೇಸಿಗೆ ಪೂರ್ತಿ ಎದ್ದು ನಿಂತಿತು. ಮೇಲಾಗಿ ಹಿಂದಿನ ಮನೆಯ ಹುಡುಗನೊಬ್ಬ ಬೈಕು ನಿಲ್ಲಿಸಿ, “ಅಂಕಲ್, ಈ ರೋಡಿನಾಗ ಬೆಸ್ಟ್ ಕೆಫೆ ಯಾವ್ದ್ರೀ? ನಿಮಗ ಎಲ್ಲಾ ಗೊತ್ತಂತ” ಎಂದು ಕೇಳಿದ. ಗೊತ್ತಪ್ಪಾ, ಗೊತ್ತು. ಅರವತ್ತು ದಾಟಿದ ಮೇಲೆ ಇಂಥ ಪಾಂಡಿತ್ಯ ಬಂತಲ್ಲ ಎಂದು ಹಣೆ ಚಚ್ಚಿಕೊಳ್ಳುವಷ್ಟು ಗೊತ್ತು.

ಈ ರಸ್ತೆ ಮೊದಲು ಹೀಗಿರಲಿಲ್ಲ. ಇಲ್ಲೊಂದು ಹತ್ತಿ ಜಿನ್ನಿಂಗ್ ಮಿಲ್ಲಿತ್ತು. ಅದರ ಕಾಟಾದ ಮುಂದೆ ಕೂತು ಹತ್ತಿ ತೂಗುವುದು ನನ್ನ ಉದ್ಯೋಗವಾಗಿತ್ತು. ಸುಗ್ಗಿಯಲ್ಲಿ ರಸ್ತೆಯ ಬೇವಿನ ಮರಗಳಿಗೆಲ್ಲ ಹತ್ತಿಯ ಎಳೆ ಮೆತ್ತಿಕೊಂಡು ಮುದುಕರ ಗಡ್ಡ ಇಳಿಬಿಟ್ಟ ಹಾಗೆ ಕಾಣುತ್ತಿತ್ತು. ಮಿಲ್ಲು ಮುಚ್ಚಿತು, ಲಾರಿಗಳು ನಿಂತವು, ಪಕ್ಕದಲ್ಲಿ ಕೋಚಿಂಗ್ ಕ್ಲಾಸುಗಳು ಬಂದವು, ಹುಡುಗರು ಬಂದರು, ಹುಡುಗರ ಹಿಂದೆಯೇ ಕೆಫೆಗಳು ಬಂದವು. ಈಗ ಆಟೋದವರೂ ಇದನ್ನು ಕೆಫೆ ರೋಡು ಅನ್ನುತ್ತಾರೆ.

ನಮ್ಮೂರ ಬೇಸಿಗೆಯ ವಿಷಯ ಹೇಳಬೇಕಾಗಿಲ್ಲ. ನಾಲ್ಕು ಗಂಟೆಗೆ ತಲೆಗೆ ಟವೆಲ್ ಸುತ್ತಿಕೊಂಡು ಕೆಫೆ ನೋಡಲು ಹೊರಟರೆ ನನ್ನ ಹೆಂಡತಿ ಬಾಗಿಲಲ್ಲಿ ನಿಂತು, “ಮನ್ಯಾಗಿನ ಚಾ ಇಷ್ಟು ಲಗೂನ ಬ್ಯಾಸರಾತೇನ್ರೀ?” ಎಂದು ಓಣಿಗೆಲ್ಲ ಕೇಳುವ ಹಾಗೆ ಅನ್ನುತ್ತಿದ್ದಳು.

ಮೊದಲು ಹೋದದ್ದು ‘ಪೌರ್ಣಮಿ’ಗೆ. ಒಂದು ಬಚ್ಚಲಿನಷ್ಟು ಜಾಗದಲ್ಲಿ ನಾಲ್ಕು ಮೇಜು. ತಿಂಡಿಯ ಪಟ್ಟಿ ಕೇಳಿದರೆ ಮೇಜಿನ ಮೇಲೆ ಅಂಟಿಸಿದ್ದ ಕಪ್ಪು ಚೌಕದ ಚೀಟಿ ತೋರಿಸಿ, ಮೊಬೈಲಿನಲ್ಲಿ ನೋಡಿಕೊಳ್ಳಿ ಅಂದರು. ನೋಡಿದೆ. ಅಕ್ಷರ ಇರುವೆಯ ಗಾತ್ರ. ಕೈಗೆ ಬಂದದ್ದಕ್ಕೆ ಬೆರಳು ಒತ್ತಿದೆ, ಗಡಿಗೆಯಷ್ಟು ಎತ್ತರದ ಗಾಜಿನ ಲೋಟದಲ್ಲಿ ನೀಲಿ ಬಣ್ಣದ ಪಾನಕ ಬಂತು. ಅದು ಹೇಗಾದರೂ ಇರಲಿ, ಕುಡಿಯುವಷ್ಟರಲ್ಲಿ ಪಕ್ಕದ ಮೇಜಿನ ಹುಡುಗಿ ಯಾರ ಜೊತೆ ಮಾತು ಬಿಟ್ಟಿದ್ದಾಳೆ, ಯಾಕೆ ಬಿಟ್ಟಿದ್ದಾಳೆ, ಇದರಲ್ಲಿ ಅವಳ ದೊಡ್ಡಮ್ಮನ ಪಾತ್ರವೇನು ಎಂಬುದೆಲ್ಲ ನನಗೆ ತಿಳಿದುಹೋಯಿತು. ಕಾಣುತ್ತದೆ, ಕೇಳಿಸುತ್ತದೆ. ಇದಾಗದು.

ಎರಡನೆಯದು ‘ಬೂದು ಬೆಕ್ಕು’. ಅಲ್ಲಿ ಪ್ರತಿ ಮೇಜಿಗೂ ಹಲಗೆಯ ಗೋಡೆ, ಮುಂದೆ ಪರದೆ. ಕೇಳಿಸುವುದಿಲ್ಲ, ಸರಿ. ಕಾಣುವುದೂ ಇಲ್ಲ. ಆ ಪರದೆಗಳನ್ನು ಅಕ್ಕ ನೋಡಿದರೆ ಅಲ್ಲೇ ಎಚ್ಚರ ತಪ್ಪುತ್ತಿದ್ದಳು. ಇದ್ದುದರಲ್ಲಿ ಒಳ್ಳೆಯ ಕುರ್ಚಿಯ ಮೇಲೆ ನಿಜವಾದ ಬೂದು ಬೆಕ್ಕೊಂದು ಮಲಗಿತ್ತು. “ಅದನ್ನ ಎಬ್ಬಿಸಬ್ಯಾಡ್ರಿ, ಅದು ಮಾಲಕರದು” ಅಂದರು. ನಿಂತೇ ಚಹಾ ಕುಡಿದು ಬಂದೆ.

ಮೂರನೆಯದರ ಹೆಸರು ‘ಮೂರನೇ ಮಹಡಿ’. ಅದಿದ್ದದ್ದು ಎರಡನೇ ಮಹಡಿಯ ಮೇಲಿನ ಬಿಸಿಲು ಮಾಳಿಗೆಯಲ್ಲಿ. ಮೆಟ್ಟಿಲು ಕಡಿದು. ಮೇಜಿನಿಂದ ಮೇಜಿಗೆ ದೂರವಿತ್ತು, ಸುತ್ತ ಬಯಲು. ಕಾಣುತ್ತದೆ, ಕೇಳಿಸುವುದಿಲ್ಲ ಎಂದು ಖುಷಿಯಾಗಿ ಅಕ್ಕನಿಗೆ ಫೋನು ಮಾಡಿದೆ. ಸಿಂಧನೂರಿನ ಒಂದು ಮನೆತನದವರು ಮುಂದಿನ ಭಾನುವಾರ ಸಂಜೆಗೆ ಬಂದರು. ನಾನು ಮಾಡಿದ ತಪ್ಪೆಂದರೆ ವಾರದ ದಿನ ಹೋಗಿ ನೋಡಿದ್ದು. ಭಾನುವಾರ ಅಲ್ಲಿ ಹಾಡು ಹಾಕುತ್ತಾರೆ. ಹಿರಿಯರಿಗೆ ಕೇಳಿಸದ ಮಾತಿರಲಿ, ಎದುರುಬದುರು ಕೂತ ಹುಡುಗ ಹುಡುಗಿಗೇ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದು. ಹುಡುಗ ಏನೋ ಕೂಗಿದ. ರೇಣುಕಾ ಏನೋ ಕೂಗಿದಳು. ಅವನು ಕಿವಿಗೆ ಕೈ ಹಚ್ಚಿದ. ಅವಳು ಇದ್ದ ಉಸಿರೆಲ್ಲ ಒಟ್ಟುಗೂಡಿಸಿ ಕೂಗುವ ಹೊತ್ತಿಗೆ ಸರಿಯಾಗಿ ಹಾಡು ಮುಗಿಯಿತು.

“ನಾ ನೌಕರಿ ಬಿಡಂಗಿಲ್ಲ!”

ಮಾಳಿಗೆಯ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಹಿಂದಿನ ಮೇಜಿನ ಹುಡುಗಿಯರು ಚಪ್ಪಾಳೆ ತಟ್ಟಿದರು. ಸಿಂಧನೂರಿನವರು ನೀರು ಸಹ ಕುಡಿಯದೆ ಇಳಿದು ಹೋದರು. ಅಕ್ಕ ಬಸ್‌ಸ್ಟ್ಯಾಂಡಿನ ತನಕ ನನ್ನ ಜೊತೆ ಮಾತಾಡಲಿಲ್ಲ. ಬಸ್ಸು ಹೊರಟ ಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ, “ಇದಕ್ಕಿಂತ ಮನ್ಯಾಗಿನ ಉಪ್ಪಿಟ್ಟ ಚಲೋ ಇತ್ತೋ ತಮ್ಮಾ” ಅಂದಳು.

ಇಷ್ಟೆಲ್ಲ ಆದ ಮೇಲೆ ನಾನು ‘ಗೋದಾಮು’ ಎಂಬ ಕೆಫೆಗೆ ಹೋದೆ. ಅಲ್ಲಿಗೆ ಹೋಗುವುದನ್ನು ಬೇಕೆಂದೇ ತಪ್ಪಿಸಿಕೊಂಡಿದ್ದೆ, ಯಾಕೆಂದರೆ ಅದು ನಮ್ಮ ಮಿಲ್ಲಿನ ಗೋದಾಮೇ. ನಾನು ಕಾಟಾ ಇಟ್ಟುಕೊಂಡು ಕೂರುತ್ತಿದ್ದ ಜಾಗದಲ್ಲಿ ಈಗ ಬುಸ್ ಎನ್ನುವ ಕಾಫಿಯ ಯಂತ್ರ. ನಡೆಸುವವನು ಯೂಸುಫ್. ಇವನ ಅಜ್ಜ ಮಿಲ್ಲಿನ ಗೇಟಿನ ಎದುರಿಗೆ ಚಹಾದ ಹೋಟೆಲ್ ಇಟ್ಟಿದ್ದರು, ನಮಗೆಲ್ಲ ಅವರದೇ ಚಹಾ. ನನ್ನನ್ನು ಕಂಡವನೇ, “ಅರೇ ಚಾಚಾ, ಬರ್ರಿ ಬರ್ರಿ. ಇಷ್ಟು ದಿನಕ್ಕ ದಾರಿ ಸಿಕ್ತೇನು?” ಅಂದ.

ಉದ್ದನೆಯ ಗೋದಾಮು. ಎತ್ತರದ ತಗಡಿನ ಮಾಡು. ಮಿಲ್ಲಿನ ಕಾಲದ ಎರಡು ಭಾರೀ ಫ್ಯಾನು ಗುಡುಗುಡು ಎನ್ನುತ್ತಿದ್ದವು. ಬಾಗಿಲ ಹತ್ತಿರ ಒಂದು ಉದ್ದ ಮೇಜು, ಆ ತುದಿಯ ಕಿಟಕಿಯ ಕೆಳಗೆ ಒಂದು ಸಣ್ಣ ಮೇಜು. ಯೂಸುಫ್‌ನನ್ನು ಆ ತುದಿಗೆ ಕಳಿಸಿ, ಏನಾದರೂ ಮಾತಾಡು ಅಂದೆ. ಅವನು ಕೈಬಾಯಿ ತಿರುವಿ ಬಹಳ ಹೊತ್ತು ಮಾತಾಡಿ ಬಂದ.

“ಏನಂದ್ನಿ, ಹೇಳ್ರಿ ಚಾಚಾ?”

“ಒಂದಕ್ಷರ ಕೇಳಲಿಲ್ಲಪ್ಪಾ.”

“ಚಲೋ ಆತು. ನಿಮ್ಮನ್ನ ಬೈದ್ನಿ.”

ಆ ಸಂತೋಷದಲ್ಲಿ ಅವನಿಗೆ ವಿಷಯವನ್ನೆಲ್ಲ ಹೇಳಿದೆ. ನಮ್ಮ ಹುಡುಗಿಯನ್ನು ನೋಡಲು ಬರುತ್ತಾರೆ, ಒಂದು ತಾಸು ಈ ಎರಡು ಮೇಜು ನಮಗಿರಲಿ ಅಂದೆ. ಅವನು ಎದೆಯ ಮೇಲೆ ಕೈಯಿಟ್ಟು, “ನಮ್ಮ ಅಜ್ಜಾನ ಗಿರಾಕಿ ನೀವು. ನಾ ಎಲ್ಲಾ ನೋಡ್ಕೋತೀನಿ” ಅಂದ. ಆಗಲೇ ಒಂದು ಮಾತು ಹೇಳಬೇಕಾಗಿತ್ತು. ಹೇಳಲಿಲ್ಲ.

ಆ ಮಾತು ಇದು. ನಮ್ಮಲ್ಲಿ ಹೆಣ್ಣು ನೋಡಲು ಬಂದವರು ಖಾರದ್ದು ತಿನ್ನುತ್ತಾರೆ, ಚಹಾ ಕುಡಿಯುತ್ತಾರೆ, ಸಿಹಿ ಮಾತ್ರ ಮುಟ್ಟುವುದಿಲ್ಲ. ಗಂಡಿನ ಕಡೆಯ ಹಿರಿಯರು ಸಿಹಿ ಬಾಯಿಗಿಟ್ಟರೆ ಸಂಬಂಧ ಒಪ್ಪಿದ ಹಾಗೆ. ಚಹಾಕ್ಕೆ ಹಾಕಿದ ಸಕ್ಕರೆ ಲೆಕ್ಕಕ್ಕಿಲ್ಲ, ಹಲ್ಲಿಗೆ ಸಿಗುವ ಸಿಹಿ ಲೆಕ್ಕಕ್ಕಿದೆ. ಯಾಕೆ ಎಂದು ಕೇಳಬೇಡಿ. ನಾನು ಚಿಕ್ಕವನಿದ್ದಾಗ ನಮ್ಮಜ್ಜಿಯನ್ನು ಕೇಳಿದ್ದೆ, “ಚಾ ಕುಡುದ್ರ ದಾಹ ಹೋಗತದ, ಸಿಹಿ ತಿಂದ್ರ ಮಾತು ಹೋಗತದ” ಅಂದಿದ್ದಳು.

ಈ ಸಲ ಬಂದವರು ಮಾನ್ವಿಯವರು, ಮೂರೇ ಜನ. ಹುಡುಗ ಮಂಜುನಾಥ, ಗೊಬ್ಬರದ ಅಂಗಡಿ ಇಟ್ಟಿದ್ದ. ಅವನ ತಂದೆ ಶೇಖರಪ್ಪ. ಶೇಖರಪ್ಪನ ತಾಯಿ ಗಂಗವ್ವ, ಕಣ್ಣು ಮಂಜಾದರೂ ನಾಲಿಗೆ ಮಂಜಾಗದ ಮುದುಕಿ. ಒಳಗೆ ಕಾಲಿಟ್ಟು, ಗಾರೆ ಬಳಿಯದ ಇಟ್ಟಿಗೆಯ ಗೋಡೆಯ ಮೇಲೆ ಕೈಯಾಡಿಸಿದಳು.

“ಇದೇನಪಾ, ಗ್ವಾಡಿಗಿ ಗಿಲಾವ ಮಾಡಿಸಿಲ್ಲ?”

“ಈಗ ಹಿಂಗ ಇಡೋದ ಫ್ಯಾಶನ್ರೀ ಅಜ್ಜಿ,” ಎಂದ ಯೂಸುಫ್.

“ಹಂಗಾರ ನಮ್ಮ ದನದ ಕೊಟಗಿನೂ ಫ್ಯಾಶನ್ ಅದ ಬಿಡು.”

ಹುಡುಗ ಹುಡುಗಿ ಕಿಟಕಿಯ ಮೇಜಿಗೆ ಹೋದರು. ನಾವು ನಾಲ್ವರು ಬಾಗಿಲ ಬದಿಯ ಉದ್ದ ಮೇಜಿನಲ್ಲಿ ಕೂತೆವು. ಅಕ್ಕ ಅವರತ್ತ ಕಣ್ಣು ನೆಟ್ಟು ಕೂತಳು. ಫ್ಯಾನು ಗುಡುಗುತ್ತಿತ್ತು. ಗಂಗವ್ವನಿಗೆ ಹಾಲಿಲ್ಲದ, ಸಕ್ಕರೆಯಿಲ್ಲದ ಕರೀ ಕಾಫಿ ಬಂತು. ಒಂದು ಗುಟುಕು ಕುಡಿದು, “ಬಾಣಂತಿಗಿ ಕೊಡೋ ಕಷಾಯನೂ ಇದಕ್ಕಿಂತ ರುಚಿ ಇರತದ” ಎಂದು ಕಪ್ಪನ್ನು ಮಗನ ಮುಂದೆ ಸರಿಸಿದಳು. ಮುಂಜಾನೆಯಿಂದ ಏನೂ ತಿಂದಿಲ್ಲವೆಂದು ಎರಡು ಸಲ ಹೇಳಿದಳು.

ಆಗ ಯೂಸುಫ್ ಒಂದು ತಟ್ಟೆ ತಂದು ಅವಳ ಮುಂದಿಟ್ಟು, “ನಮ್ಮ ಕಡಿಂದ್ರೀ” ಎಂದು ನಕ್ಕು ಹೋದ. ಕಪ್ಪಗೆ, ಚೌಕಾಕಾರವಾಗಿ ಕತ್ತರಿಸಿದ ತುಂಡುಗಳು. ನಾನು ಆ ಹೊತ್ತಿಗೆ ಶೇಖರಪ್ಪನಿಗೆ ಹತ್ತಿಯ ತೂಕದ ಯಾವುದೋ ಹಳೆಯ ಕಥೆ ಹೇಳುತ್ತಿದ್ದೆ. ನನ್ನ ಕಥೆಗಳಿಂದ ಈ ಜನ್ಮದಲ್ಲಿ ಆದ ಹಾನಿಗಳಲ್ಲಿ ಅದು ದೊಡ್ಡದು. ಗಂಗವ್ವ ತುಂಡೊಂದನ್ನು ಹಿಚುಕಿ ನೋಡಿ, ಗುರೆಳ್ಳಿನ ಚಟ್ನಿಪುಡಿ ಸವರಿದ ಮೆತ್ತನೆಯ ರೊಟ್ಟಿ ಎಂದು ತಿಳಿದು, ಅರ್ಧವನ್ನು ಒಂದೇ ಸಲ ಬಾಯಿಗೆ ಹಾಕಿಕೊಂಡಳು. ಅಗಿಯುತ್ತಿದ್ದ ದವಡೆ ನಿಂತಿತು.

“ಶೇಖರಾ, ಇದು ಸಿಹಿ ಅದಲ್ಲೋ!”

ಅದು ಚಾಕೊಲೇಟಿನ ಕೇಕು. ಉಗುಳುವ ಹಾಗಿಲ್ಲ, ಅನ್ನಕ್ಕೆ ಅವಮಾನ. ನುಂಗಿದಳು. ಶೇಖರಪ್ಪ ಮೇಜಿಗೆ ಗುದ್ದಿ ನಕ್ಕ. ಮನೆತನ ಅವನಿಗೆ ಮೊದಲೇ ಹಿಡಿಸಿತ್ತು. “ಆತು ಬಿಡ್ರಿ! ಅವ್ವ ಸಿಹಿ ತಿಂದ್ಲಂದ್ರ ಮುಗೀತು. ಒಪ್ಪಿದಂಗ.” ಅಕ್ಕನ ಕಣ್ಣಲ್ಲಿ ನೀರು ಬಂತು. ಅವಳ ಕೈಚೀಲದಲ್ಲಿ ಕುಂಕುಮದ ಭರಣಿ ಇತ್ತೆಂಬುದು ನನಗೆ ತಿಳಿದದ್ದು ಆಗಲೇ. ಗಂಗವ್ವನ ಹಣೆಗೆ ಹಚ್ಚಿದಳು. ಯೂಸುಫ್ “ಮುಬಾರಕ್, ಮುಬಾರಕ್” ಎಂದು ಬಂದು ಉಳಿದ ತುಂಡುಗಳನ್ನು ಎಲ್ಲರಿಗೂ ಹಂಚಿದ. ಆ ತುದಿಯಿಂದ ರೇಣುಕಾ ನಮ್ಮನ್ನು ನೋಡುತ್ತಿದ್ದಳು. ಅವಳಿಗೆ ನಾವು ಕಾಣುತ್ತಿದ್ದೆವು, ಕೇಳಿಸುತ್ತಿರಲಿಲ್ಲ.

ಎದ್ದು ಬಂದಳು. ಹಿಂದೆ ಮಂಜುನಾಥ.

“ಏನಾತು?”

“ಬಾಯಿ ಸಿಹಿ ಆತವ್ವಾ. ಕೂಡಿ ಬಂತು,” ಅಂದಳು ಅಕ್ಕ.

“ಯಾರದು? ಅವ್ರು ನೌಕರಿ ಬಿಡು ಅಂದ್ರು. ನಾ ಆಗಂಗಿಲ್ಲ ಅಂದೆ. ನಮ್ಮ ಮಾತು ಅಲ್ಲಿಗೇ ಮುಗದದ.”

ಮಂಜುನಾಥ ಕೆಟ್ಟ ಹುಡುಗನಲ್ಲ, ತಲೆ ಕೆರೆದುಕೊಂಡು ಇದ್ದದ್ದನ್ನೇ ಹೇಳಿದ. “ಅಪ್ಪಾ, ಅಂಗಡ್ಯಾಗ ಕುಂದ್ರಾಕ ಮನಿಯವ್ರೊಬ್ರು ಬೇಕಲ್ಲ. ದಿನಾ ದೇವದುರ್ಗಕ್ಕ ಹೋಗಿ ಬರ್ತೀನಿ ಅಂದ್ರ ಹೆಂಗ ಆಗತದ?”

ಶೇಖರಪ್ಪನ ನಗು ಆರಿತು. “ಸಿಹಿ ತಿಂದಮ್ಯಾಲೆ ಒಲ್ಲೆ ಅನ್ನೋದು ನಮ್ಮ ಮನಿತನದಾಗ ಇಲ್ರೀ. ನಾಳಿ ಮಾನ್ವ್ಯಾಗ ನಾ ಏನಂತ ಹೇಳ್ಲಿ?” ಅಕ್ಕ ನನ್ನ ತೋಳು ಹಿಡಿದಳು. “ತಮ್ಮಾ, ನೀ ಸೋದರಮಾವ. ನೀ ಹೇಳು ಆಕಿಗಿ. ಒಂದು ನೌಕರಿಗಿ ಮನಿ ಬಾಗಲಾ ಮುಚ್ಚಕೋಬಾರ್ದು ಅಂತ ಹೇಳು.”

ಎಲ್ಲರೂ ನನ್ನ ಮುಖ ನೋಡಿದರು. ರೇಣುಕಾಳೂ ನೋಡಿದಳು. ಡಿಪ್ಲೊಮಾಕ್ಕೆ ಸೇರಿಸಲು ಅವಳನ್ನು ಕರೆದುಕೊಂಡು ಹೋದವನು ನಾನು. ಸೂಜಿ ಕಂಡರೆ ಅಳುತ್ತಿದ್ದ ಹುಡುಗಿ, ಮೊದಲು ರಕ್ತ ತೆಗೆದು ಕಲಿತದ್ದು ನನ್ನ ಕೈಯಿಂದ. ಮೂರು ಸಲ ತಪ್ಪಾಗಿ ಚುಚ್ಚಿದ್ದಳು. ಈಗ ಊರ ಹಸುಗೂಸುಗಳ ತಾಯಂದಿರೂ, “ಆಕಿ ಕೈಯಿಂದ ತೆಗಸ್ರಿ, ನೋಯಂಗಿಲ್ಲ” ಅನ್ನುತ್ತಾರೆ.

“ಅಕ್ಕಾ, ನಾ ಹೇಳಂಗಿಲ್ಲ,” ಅಂದೆ. “ತಪ್ಪು ನಂದದ. ಸಿಹಿ ಇಡಬ್ಯಾಡ ಅಂತ ಈ ಹುಡುಗನಿಗಿ ಹೇಳಬೇಕಾಗಿತ್ತು, ಹೇಳಲಿಲ್ಲ. ನನ್ನ ತಪ್ಪಿಗಿ ಆಕಿ ಯಾಕ ನೌಕರಿ ಬಿಡಬೇಕು?”

ಯೂಸುಫ್ ಖಾಲಿ ತಟ್ಟೆಗೆ ಕೈ ಹಾಕಿದ. “ನಂಗ ಗೊತ್ತಿರ್ಲಿಲ್ರೀ. ಬೇಕಾದ್ರ ವಾಪಸ್ ತೊಗೋತೀನಿ.”

“ನುಂಗಿದ್ದನ್ನ ಹೆಂಗ ವಾಪಸ್ ತೊಗೋತಿಯಲೇ?” ಎಂದಳು ಗಂಗವ್ವ. ಕುಂಕುಮದ ಹಣೆಯಲ್ಲಿ, ತುಟಿಯ ಅಂಚಿಗೆ ಕಪ್ಪು ಮೆತ್ತಿಕೊಂಡು ಕೂತಿದ್ದಳು. “ಯಾರೂ ಒದರಬ್ಯಾಡ್ರಿ. ತಿಂದಾಕಿ ನಾನು. ಯವ್ವಾ, ನೀ ಬಾ ಇಲ್ಲಿ. ನೀ ಏನರ ತಿಂದಿ?”

“ಇಲ್ಲಜ್ಜಿ,” ಎಂದಳು ರೇಣುಕಾ.

“ಹಂಗಾರ ಮಾತು ನಿಂದಲ್ಲ, ನಂದು. ನಾ ಸಿಹಿ ತಿಂದೀನಿ. ನಿನ್ನ ಮದಿವಿ ಮಾಡೋದು ನನ್ನ ತಲಿಮ್ಯಾಲೆ ಬಂತು.”

ಶೇಖರಪ್ಪ, “ಅದನ್ನ ನಾನೂ ಹೇಳಾಕತ್ತೀನವ್ವಾ” ಅಂದ.

“ನೀ ಸುಮ್ನ ಕುಂದ್ರು. ನಿನ್ನ ಮಗನ ಜೊತಿನ ಮಾಡ್ತೀನಂತ ನಾ ಎಲ್ಲಿ ಅಂದೀನಿ?”

ಮಂಜುನಾಥ ನಗು ತಡೆಯಲಾಗದೆ ಗೋಡೆಯ ಕಡೆ ತಿರುಗಿದ. ಗಂಗವ್ವ ರೇಣುಕಾಳ ಗಲ್ಲ ಹಿಡಿದು ಕಣ್ಣ ಹತ್ತಿರ ತಂದು ನೋಡಿ, ತನ್ನ ಕೋಲು ಹುಡುಕಿಕೊಂಡು ಎದ್ದಳು. ಹೋಗುವಾಗ ಯೂಸುಫ್‌ಗೆ, “ಗಿಲಾವ ಮಾಡಿಸಪಾ” ಎಂದು ಹೇಳಿ ಹೋದಳು.

ಅದಾದ ಮೇಲೆ ಅಕ್ಕ ಒಂದೂವರೆ ತಿಂಗಳು ನನ್ನ ಫೋನು ಎತ್ತಲಿಲ್ಲ. ಮುದುಕಿ ಮರ್ಯಾದೆ ಉಳಿಸಿಕೊಳ್ಳಲು ಒಂದು ಮಾತು ಆಡಿ ಹೋದಳು, ಇನ್ನು ಅವಳೂ ಇಲ್ಲ, ಅವಳ ಮಾತೂ ಇಲ್ಲ ಎಂದು ನಾವು ತಿಳಿದಿದ್ದೆವು. ಮುಂಗಾರು ಬಂತು. ಕೆಫೆ ರೋಡಿನ ತಗ್ಗುಗಳಲ್ಲಿ ನೀರು ನಿಂತು ಹುಡುಗರು ಪ್ಯಾಂಟು ಮಡಿಚಿಕೊಂಡು ಕಾಫಿಗೆ ಹೋಗತೊಡಗಿದರು. ಶ್ರಾವಣದ ಎರಡನೇ ವಾರ ಮಾನ್ವಿಯಿಂದ ಅಕ್ಕನಿಗೆ ಫೋನು ಬಂತು. ಗಂಗವ್ವನ ತಂಗಿಯನ್ನು ದೇವದುರ್ಗದ ಕಡೆಯ ಗೂಗಲ್ ಎಂಬ ಹಳ್ಳಿಗೆ ಕೊಟ್ಟಿದ್ದರಂತೆ. ಆಕೆಯ ಮೊಮ್ಮಗ ಅಮರೇಶ, ನದಿಯ ದಂಡೆಗೆ ಹೊಲ, ಭತ್ತ ಬೆಳೆಯುತ್ತಾನೆ. “ಹುಡುಗಿ ಷರತ್ತು ಹೇಳೀನಿ. ಬಂದು ನೋಡ್ತಾನ” ಎಂದಷ್ಟೇ ಹೇಳಿ ಮುದುಕಿ ಫೋನಿಟ್ಟಳಂತೆ.

ಅಕ್ಕ ಅಂತೂ ನನಗೆ ಫೋನು ಮಾಡಿದಳು. ನಾನು ಓಡಿಹೋಗಿ ಯೂಸುಫ್‌ಗೆ ಹೇಳಿದೆ. ಭಾನುವಾರ, ಎರಡು ಮೇಜು, ಸಿಹಿಯ ಸುದ್ದಿ ಬೇಡ. ಅವನು ಕಿವಿ ಹಿಡಿದುಕೊಂಡ. ಶುಕ್ರವಾರ ಸಂಜೆ ರೇಣುಕಾಳ ಫೋನು ಬಂತು.

“ಮಾವಾ, ಭೆಟ್ಟಿ ಆತು.”

“ಯಾರದು? ಎಲ್ಲಿ?”

“ಗೂಗಲ್‌ದವ್ರದು. ಬೀಜ ಒಯ್ಯಾಕ ದೇವದುರ್ಗಕ್ಕ ಬಂದಿದ್ರು, ಆಸ್ಪತ್ರಿ ಹತ್ರ ಬಂದು ಕೇಳಿದ್ರು. ಬಸ್‌ಸ್ಟ್ಯಾಂಡಿನಾಗ ನಿಂತು ಮಾತಾಡಿದ್ವಿ. ಒಗ್ಗರಣಿ ಮಿರ್ಚಿ ತಿಂದ್ವಿ.”

ನಾನು ಎರಡು ತಿಂಗಳು ಬಿಸಿಲಿನಲ್ಲಿ ಅಲೆದಿದ್ದೆ. ನೀಲಿ ಪಾನಕ ಕುಡಿದಿದ್ದೆ. ಬೆಕ್ಕಿಗೆ ಜಾಗ ಬಿಟ್ಟು ನಿಂತಿದ್ದೆ. ಬಸ್‌ಸ್ಟ್ಯಾಂಡಂತೆ, ಮಂಡಕ್ಕಿ ಒಗ್ಗರಣೆಯಂತೆ, ಮಿರ್ಚಿ ಭಜಿಯಂತೆ! ಸಿಟ್ಟಿನಲ್ಲಿ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ಮುಗೀತಾ ಮಾವಾ?”

“ಮುಗೀತು. ನೌಕರಿಗಿ ಏನಂದ ಅವ?”

“ಏನೂ ಅನ್ನಲಿಲ್ಲ. ಮುಂಜಾನಿ ಎಷ್ಟಕ್ಕ ಹೋಗಬೇಕು ಅಂತ ಕೇಳಿದ್ರು. ಎಂಟೂವರಿ ಅಂದ್ನಿ. ಹಂಗಾರ ಊರಿನ ಮೊದಲನೇ ಬಸ್ಸಿಗಿ ಹೊಂಡಬೇಕಾಗತದ, ನಾ ಬೈಕಿನ್ಯಾಗ ಬಸ್‌ಸ್ಟಾಪಿಗಿ ಬಿಡ್ತೀನಿ ಅಂದ್ರು.”

ದೀಪಾವಳಿಯ ನಂತರ ಗೂಗಲ್‌ನಲ್ಲಿ, ಅಲ್ಲಮಪ್ರಭುವಿನ ಗುಡಿಯ ಅಂಗಳದಲ್ಲಿ ಮದುವೆಯಾಯಿತು. ಗಂಗವ್ವ ಬಂದಿದ್ದಳು. ಶೇಖರಪ್ಪನೂ ಬಂದು, ಬಿಗಿದ ಮುಖದಲ್ಲೇ ಎರಡು ಸಲ ಹೋಳಿಗೆ ಹಾಕಿಸಿಕೊಂಡ.

ಮದುವೆಯ ಒಂಬತ್ತನೇ ದಿನ ಸೋಮವಾರ. ಅಂದು ರೇಣುಕಾ ಮೊದಲನೇ ಬಸ್ಸಿಗೆ ದೇವದುರ್ಗಕ್ಕೆ ಹೋದಳು. ಲ್ಯಾಬಿನ ಮುಂದೆ ಆಗಲೇ ಜನ ಸಾಲು ನಿಂತಿದ್ದರು. ಕೈತುಂಬ ಇದ್ದ ಹಸಿರು ಬಳೆಗಳನ್ನು ಮೊಳಕೈಯ ಕಡೆಗೆ ಸರಿಸಿ, ಕೈಗವಸು ಹಾಕಿಕೊಂಡು, ಮೊದಲು ನಿಂತಿದ್ದ ಹೆಂಗಸನ್ನು ಒಳಗೆ ಕರೆದಳು.